ವಿದೇಶದ ಖರ್ಚಿಗೆ ಯಾವ ಕಾರ್ಡು?

ಶ್ರೋತೃ ಬಾಂಧವರಿಗೆ ನಮಸ್ಕಾರ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರು, ಸ್ನಾತಕೋತ್ತರ ಓದಿಗಾಗಿ ಜರ್ಮನಿಗೆ ಹೋಗುವವರು, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಿಂಗಪುರ ತೋರಿಸಿ ಬರಲು ಟಿಕೆಟ್ ಮಾಡಿಸಿದವರು, ಎಲ್ಲರೂ ಬ್ಯಾಂಕಿನಲ್ಲಿ ಸಾಮಾನ್ಯವಾಗಿ ವಿಚಾರಿಸುವುದು ತಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿರುವ ಕಾರ್ಡು ಬಹುತೇಕ ದೇಶಗಳಲ್ಲಿ ನಡೆಯುತ್ತದೆ. ಆದರೆ ಅದನ್ನು ಉಜ್ಜಿದಾಗಲೆಲ್ಲ ನಮ್ಮಿಂದ ಎಷ್ಟು ಹೆಚ್ಚುವರಿ ಹಣ ಹೋಗುತ್ತದೆ ಎಂದು ಕೇಳುವವರು ಕಡಿಮೆ; ಬ್ಯಾಂಕಿನವರು ತಾವಾಗಿಯೇ ಹೇಳುವುದು ಇನ್ನೂ ಕಡಿಮೆ.

ವಿದೇಶಿ ಕರೆನ್ಸಿಯಲ್ಲಿ ಮಾಡಿದ ಖರ್ಚನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸಂಸ್ಥೆ ತನ್ನ ಆ ದಿನದ ದರದಲ್ಲಿ ರೂಪಾಯಿಗೆ ಪರಿವರ್ತಿಸುತ್ತದೆ. ಈ ದರ ಮಾರುಕಟ್ಟೆಯ ಸಗಟು ದರಕ್ಕೆ ಹತ್ತಿರವಾಗಿಯೇ ಇರುವುದರಿಂದ ಇಲ್ಲಿಯವರೆಗೆ ತಕರಾರಿಲ್ಲ. ಇದರ ಮೇಲೆ ಕಾರ್ಡು ಕೊಟ್ಟ ಬ್ಯಾಂಕು ಸೇರಿಸುವ ಶುಲ್ಕವನ್ನು ಮಾರ್ಕಪ್ ಎನ್ನುತ್ತಾರೆ. ನಮ್ಮ ದೇಶದ ಹೆಚ್ಚಿನ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ಇದು ಶೇಕಡಾ 3.5ರಷ್ಟಿದ್ದು, ಆ ಶುಲ್ಕಕ್ಕೆ ಶೇಕಡಾ 18ರ ಜಿಎಸ್‌ಟಿ ಕೂಡಿದಾಗ ಒಟ್ಟು ಶೇಕಡಾ 4.13 ಆಗುತ್ತದೆ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ, 1,000 ಡಾಲರ್ ಖರ್ಚಿಗೆ 90,000 ರೂಪಾಯಿಯ ಜೊತೆಗೆ ಇನ್ನೂ 3,717 ರೂಪಾಯಿ ತೆರಬೇಕು. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ಇದು ಪ್ರತ್ಯೇಕ ಸಾಲಾಗಿ ಕಾಣುತ್ತದೆ, ಉಳಿದವುಗಳಲ್ಲಿ ಮೊತ್ತದೊಳಗೇ ಬೆರೆತುಹೋಗಿರುತ್ತದೆ. ಆದ್ದರಿಂದ ಕಾರ್ಡು ಆರಿಸುವಾಗ ವಿಮಾನ ನಿಲ್ದಾಣದ ಲೌಂಜು, ರಿವಾರ್ಡ್ ಪಾಯಿಂಟುಗಳ ಜಾಹೀರಾತಿಗಿಂತ ಮೊದಲು ನೋಡಬೇಕಾದದ್ದು ಶುಲ್ಕಗಳ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಈ ಒಂದು ಅಂಕಿಯನ್ನು. ನೂರಕ್ಕೆ ಒಂದೆರಡು ರೂಪಾಯಿ ಪಾಯಿಂಟಾಗಿ ಕೊಟ್ಟು ನಾಲ್ಕು ರೂಪಾಯಿ ಕಿತ್ತುಕೊಳ್ಳುವ ಕಾರ್ಡು ಎಷ್ಟು ಹೊಳೆದರೂ ನಷ್ಟದ ಬಾಬತ್ತೇ.

ಮಾರ್ಕಪ್ ಇಲ್ಲವೆಂದೇ ಹೇಳಿಕೊಂಡು ಈಚಿನ ವರ್ಷಗಳಲ್ಲಿ ಹಲವು ಕಾರ್ಡುಗಳು ಬಂದಿವೆ. ಫೆಡರಲ್ ಬ್ಯಾಂಕಿನ ಸ್ಕೇಪಿಯಾ, ಆರ್‌ಬಿಎಲ್ ಬ್ಯಾಂಕಿನ ವರ್ಲ್ಡ್ ಸಫಾರಿ, ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್ ಇಂಥವು. ಇವುಗಳಲ್ಲಿ ವಾವ್ ಕಾರ್ಡನ್ನು ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವುದರಿಂದ, ಸಂಬಳದ ಚೀಟಿ ತೋರಿಸಲಾಗದ ನಿವೃತ್ತರಿಗೂ ಗೃಹಿಣಿಯರಿಗೂ ಅನುಕೂಲ. ಆದರೆ ಶುಲ್ಕದ ನಿಯಮಗಳು ಆಗಾಗ ಬದಲಾಗುವುದುಂಟು. ಅರ್ಜಿ ಹಾಕುವ ದಿನದ ಪಟ್ಟಿಯನ್ನೇ ನೋಡಬೇಕು. ವಾರ್ಷಿಕ ಶುಲ್ಕವನ್ನೂ ಮರೆಯುವಂತಿಲ್ಲ. ವರ್ಷಕ್ಕೆ 3,000 ರೂಪಾಯಿ ಶುಲ್ಕದ ಕಾರ್ಡಿಗೆ ಜಿಎಸ್‌ಟಿ ಸೇರಿ 3,540 ರೂಪಾಯಿ ಕಟ್ಟುತ್ತೇವೆ. ಆ ವರ್ಷ ಹೊರದೇಶದಲ್ಲಿ ಸುಮಾರು 86,000 ರೂಪಾಯಿ ಖರ್ಚು ಮಾಡಿದರೆ ಮಾತ್ರ ಉಳಿತಾಯವೂ ಶುಲ್ಕವೂ ಸರಿಸಮವಾಗುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಪ್ರವಾಸ ಹೋಗುವವರಿಗೆ ಆಜೀವ ಉಚಿತವಾದ ಕಾರ್ಡೇ ಮೇಲು.

ಇನ್ನೊಂದು ದಾರಿ ಫಾರೆಕ್ಸ್ ಕಾರ್ಡು. ಮೊದಲೇ ಡಾಲರ್, ಯೂರೋ, ಪೌಂಡ್ ತುಂಬಿಸಿಕೊಂಡು ಹೋಗುವ ಈ ಕಾರ್ಡಿನಲ್ಲಿ, ತುಂಬಿಸಿದ ದಿನದ ದರವೇ ನಿಗದಿಯಾಗುವುದರಿಂದ ಮುಂದೆ ರೂಪಾಯಿ ಕುಸಿದರೂ ಭಯವಿಲ್ಲ. ವಿದ್ಯಾರ್ಥಿಗಳಿಗೆ ತಿಂಗಳ ಖರ್ಚಿನ ಅಂಕೆಯೂ ಸಿಗುತ್ತದೆ. ಇಲ್ಲಿ ಮಾರ್ಕಪ್ ಇಲ್ಲವೆಂಬ ಮಾತನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಬ್ಯಾಂಕು ಡಾಲರನ್ನು ಮಾರುವ ದರದಲ್ಲಿಯೇ ಅದರ ಲಾಭ ಅಡಗಿರುತ್ತದೆ. ತುಂಬಿಸುವ ಮುನ್ನ ಆ ಹೊತ್ತಿನ ದರವನ್ನು ಕೇಳಿ, ವೀಸಾ ಸಂಸ್ಥೆಯ ಜಾಲತಾಣದಲ್ಲಿರುವ ಅದೇ ದಿನದ ದರದೊಂದಿಗೆ ಹೋಲಿಸಿದರೆ ಎರಡೇ ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ದರದಲ್ಲಿ ಚೌಕಾಸಿಗೂ ಅವಕಾಶವಿದೆ, ಸಂಕೋಚ ಬೇಡ. ಡಾಲರ್ ತುಂಬಿದ ಕಾರ್ಡನ್ನು ಸ್ವಿಟ್ಜರ್‌ಲೆಂಡಿನಲ್ಲಿ ಫ್ರಾಂಕಿನ ಬಿಲ್ಲಿಗೆ ಬಳಸಿದರೆ ಹೆಚ್ಚಿನ ಕಾರ್ಡುಗಳಲ್ಲಿ ಮತ್ತೊಂದು ಪರಿವರ್ತನಾ ಶುಲ್ಕ ಬೀಳುತ್ತದೆ. ನೇಪಾಳ, ಭೂತಾನಗಳಲ್ಲಿ ಈ ಕಾರ್ಡು ನಡೆಯುವುದೇ ಇಲ್ಲ.

ಒಳ್ಳೆಯ ಕಾರ್ಡು ಆರಿಸಿಯೂ ಹಣ ಕಳೆದುಕೊಳ್ಳುವ ಜಾಗವೊಂದಿದೆ. ಅದು ಅಂಗಡಿಯ ಗಲ್ಲಾಪೆಟ್ಟಿಗೆ. ಸಿಂಗಪುರದ ಅಂಗಡಿಯಲ್ಲಿ 200 ಡಾಲರ್ ಬಿಲ್ಲಾಯಿತೆನ್ನಿ. ಕಾರ್ಡು ಸಿಕ್ಕಿಸಿದೊಡನೆ ಆ ಪುಟ್ಟ ಯಂತ್ರದ ಪರದೆಯ ಮೇಲೆ ಎರಡು ಮೊತ್ತಗಳು ಮೂಡುತ್ತವೆ. ಒಂದು ಸಿಂಗಪುರ ಡಾಲರಿನಲ್ಲಿ, ಇನ್ನೊಂದು ನಮ್ಮ ರೂಪಾಯಿಯಲ್ಲಿ. ಪರಿಚಿತವಾದ ರೂಪಾಯಿಯನ್ನು ಕಂಡು ಮನಸ್ಸು ಅತ್ತಲೇ ವಾಲುತ್ತದೆ, ಎಷ್ಟೋ ಸಲ ಅಂಗಡಿಯವನೇ ನಮ್ಮನ್ನು ಕೇಳದೆ ರೂಪಾಯಿಯ ಗುಂಡಿ ಒತ್ತಿಬಿಡುತ್ತಾನೆ. ರೂಪಾಯಿಯನ್ನು ಒಪ್ಪಿದರೆ ಪರಿವರ್ತನೆಯ ದರವನ್ನು ನಿರ್ಧರಿಸುವುದು ಆ ಯಂತ್ರದ ಹಿಂದಿರುವ ಕಂಪನಿ, ಅದರ ಲಾಭಾಂಶ ಅದರಲ್ಲಿ ಸೇರಿರುತ್ತದೆ. ಸಾಲದೆಂಬಂತೆ, ರೂಪಾಯಿಯಲ್ಲಿ ನಡೆದ ವಿದೇಶಿ ವ್ಯವಹಾರಕ್ಕೂ ಶೇಕಡಾ 1ರಷ್ಟು ಶುಲ್ಕ ಹಾಕುವ ಬ್ಯಾಂಕುಗಳು ನಮ್ಮಲ್ಲಿವೆ. ಬೆಂಗಳೂರಿನ ಮನೆಯಲ್ಲೇ ಕುಳಿತು ವಿದೇಶಿ ಜಾಲತಾಣದಲ್ಲಿ ರೂಪಾಯಿ ಕೊಟ್ಟು ಹೋಟೆಲ್ ಕಾಯ್ದಿರಿಸಿದವರಿಗೂ ಈ ಶುಲ್ಕ ತಗಲುವುದುಂಟು. ಯಾವ ದೇಶದಲ್ಲಿದ್ದೇವೋ ಆ ದೇಶದ ಕರೆನ್ಸಿಯನ್ನೇ ಆರಿಸಬೇಕು. ಎಟಿಎಂ ಪರದೆಯಲ್ಲಿಯೂ ಇದೇ ನಿಯಮ.

ಎಟಿಎಂ ಎಂದಾಗ ಒಂದು ಮಾತು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ ಓಡುತ್ತದೆ, ನಗದು ಮುಂಗಡದ ಶುಲ್ಕ ಬೇರೆ. ನಗದಿಗೆ ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡು ಬಳಸಿ, ಹತ್ತು ಸಲ ಚಿಲ್ಲರೆ ತೆಗೆಯುವ ಬದಲು ಒಂದೆರಡು ಸಲ ದೊಡ್ಡ ಮೊತ್ತ ತೆಗೆಯುವುದು ಲೇಸು. ಥಾಯ್ಲೆಂಡಿನಂಥ ಕಡೆ ಅಲ್ಲಿನ ಎಟಿಎಂಗಳು ಪ್ರತಿ ಸಲಕ್ಕೂ 200 ಬಾತ್‌ಗೂ ಮಿಕ್ಕಿ ಶುಲ್ಕ ಮುರಿದುಕೊಳ್ಳುತ್ತವೆ.

ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ರಿಸರ್ವ್ ಬ್ಯಾಂಕು 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯ ಸ್ವಿಚ್ಚನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಒತ್ತಿ, ಮಿತಿಯನ್ನೂ ನಾವೇ ನಿಗದಿ ಮಾಡಬೇಕು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇರಲಿ. ಎರಡು ಬೇರೆ ಬ್ಯಾಂಕುಗಳ, ಸಾಧ್ಯವಾದರೆ ಒಂದು ವೀಸಾ ಮತ್ತೊಂದು ಮಾಸ್ಟರ್‌ಕಾರ್ಡ್ ಆಗಿರುವ, ಎರಡು ಕಾರ್ಡುಗಳನ್ನು ಬೇರೆ ಬೇರೆ ಚೀಲಗಳಲ್ಲಿಟ್ಟುಕೊಳ್ಳುವುದು ಜಾಣತನ. ಬಾಡಿಗೆ ಕಾರು ಪಡೆಯುವಾಗ, ಹೋಟೆಲಿನಲ್ಲಿ ಮುಂಗಡ ತಡೆಹಿಡಿಯುವಾಗ ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಫಾರೆಕ್ಸ್ ಕಾರ್ಡು ಕೊಟ್ಟರೆ ನಮ್ಮದೇ ಹಣ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ತೆರಿಗೆಯ ವಿಷಯದಲ್ಲೂ ಫಾರೆಕ್ಸ್ ಕಾರ್ಡಿಗೂ ಕ್ರೆಡಿಟ್ ಕಾರ್ಡಿಗೂ ವ್ಯತ್ಯಾಸವಿದೆ. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ ಹಣ, ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಎಂದಿರುವ, ವಿದೇಶಕ್ಕೆ ಹಣ ರವಾನೆಯ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ. ಪ್ರವಾಸದಂಥ ಖರ್ಚಿಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಶೇಕಡಾ 20ರಂತೆ ಟಿಸಿಎಸ್, ಅಂದರೆ ಬ್ಯಾಂಕು ಮುಂಗಡವಾಗಿಯೇ ಹಿಡಿದುಕೊಳ್ಳುವ ತೆರಿಗೆ, ವಸೂಲಾಗುತ್ತದೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ. ಹೊರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಿಂದ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವ ಪ್ರಸ್ತಾಪವನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಮುಂದೂಡಿತು.

ಹಿಂದಿರುಗಿದ ಮೇಲೆ ವಿದೇಶಿ ಬಳಕೆಯ ಸ್ವಿಚ್ಚನ್ನು ಮತ್ತೆ ಮುಚ್ಚಿಬಿಡಿ. ಫಾರೆಕ್ಸ್ ಕಾರ್ಡಿನಲ್ಲಿ ಹಣ ಮಿಕ್ಕಿದ್ದರೆ, 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅನುಮತಿಯಿದೆ. ಅದಕ್ಕೆ ಮೇಲ್ಪಟ್ಟದ್ದನ್ನು 180 ದಿನಗಳೊಳಗೆ ಬ್ಯಾಂಕಿಗೆ ಮರಳಿಸಬೇಕು. ಬಳಸದೆ ಬಿಟ್ಟ ಕಾರ್ಡಿಗೂ ನಿಷ್ಕ್ರಿಯತೆಯ ಶುಲ್ಕ ಹಾಕುವ ಬ್ಯಾಂಕುಗಳಿರುವುದರಿಂದ, ಸದ್ಯಕ್ಕೆ ಮತ್ತೊಂದು ಪ್ರಯಾಣವಿಲ್ಲದವರು ಉಳಿದ ಹಣವನ್ನು ರೂಪಾಯಿಗೆ ಮಾಡಿಸಿಕೊಳ್ಳುವುದೇ ಒಳ್ಳೆಯದು.

ನಮಸ್ಕಾರ.