ಮಗುವಿನ ಸರದಿ ಬಂದಾಗ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರು ಮಾತು ತಡವಾಗಿರುವ ಮಕ್ಕಳ ತಂದೆ ತಾಯಂದಿರು. ಹೆಚ್ಚಿನವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇರುತ್ತದೆ. "ನಮ್ಮ ಮಗು ಯಾವಾಗ ಮಾತಾಡುತ್ತೆ?" ಇಂಥ ತಿಂಗಳು ಅಂತ ಯಾರೂ ಹೇಳಲಾರರು. ಆದರೆ ಮಾತಿಗೆ ದಾರಿ ಮಾಡಿಕೊಡುವುದು ಹೇಗೆ ಅನ್ನುವುದನ್ನು ಹೇಳಬಹುದು.

ಮೊದಲು ಕಿವಿಯ ವಿಷಯ. ಮಗುವಿಗೆ ಯಾವ ತೊಂದರೆಯೇ ಇರಲಿ, ಕಿವಿ ಪರೀಕ್ಷೆ ಆಗಲೇಬೇಕು. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, ಅದರಲ್ಲಿ ಸಂದೇಹ ಬಂದರೆ 3 ತಿಂಗಳೊಳಗೆ ಖಚಿತ ಪರೀಕ್ಷೆ, ಕಿವಿ ಸರಿಯಾಗಿ ಕೇಳದಿದ್ದರೆ 6 ತಿಂಗಳೊಳಗೆ ಚಿಕಿತ್ಸೆ ಶುರು. ಇದು ತಜ್ಞರು ಒಪ್ಪಿಕೊಂಡಿರುವ ಗುರಿ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಾಗಿದ್ದು ಬೆಳವಣಿಗೆ ನಿಧಾನವಾಗುವ ಸ್ಥಿತಿ, ಇರುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ತುಂಬಿಕೊಳ್ಳುವುದು ಜಾಸ್ತಿ. ಒಂದು ಸಲ ಸರಿ ಇದೆ ಅಂತ ಬಂದರೂ ಆಗಾಗ ನೋಡಿಸುತ್ತಿರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾತು ಬರುವ ಮೊದಲೇ ಮಗು ನಮಗೆ ಏನೇನೋ ಹೇಳುತ್ತಿರುತ್ತದೆ. ಬೆರಳು ತೋರಿಸುತ್ತದೆ, ಕೈ ಚಾಚುತ್ತದೆ, ಬೇಡವಾದರೆ ಮುಖ ತಿರುಗಿಸುತ್ತದೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಮಗುವಿಗೆ ಬೆರಳು ಚಾಚಲು ಆಗದೇ ಇರಬಹುದು. ಅದು ಬರೀ ಕಣ್ಣು ಹೊರಳಿಸಿ ಹೇಳುತ್ತದೆ. ನಾವು ನೋಡದಿದ್ದರೆ ಆ ಮಾತು ಅಲ್ಲಿಗೇ ಹೋಯಿತು. ಇನ್ನೊಂದು ವಿಷಯ, ಇಂಥ ಮಗು ಸರಿಯಾಗಿ ಕೂತಿದೆಯಾ ನೋಡಿ. ಬೆನ್ನಿಗೆ, ಕಾಲಿಗೆ ಆಸರೆ ಇಲ್ಲದಿದ್ದರೆ ಬೀಳದೆ ಕೂರುವುದಕ್ಕೇ ಅದರ ಶಕ್ತಿಯೆಲ್ಲಾ ಹೋಗುತ್ತದೆ. ದನಿ ಎತ್ತಲು ಉಸಿರು ಎಲ್ಲಿಂದ ಬರಬೇಕು?

ಮನೆಯಲ್ಲಿ ಒಂದು ಆಟ ಆಡಿ. ಸೋಪಿನ ಗುಳ್ಳೆ ಊದುವ ಬಾಟಲಿ ತಗೊಳ್ಳಿ. ಎರಡು ಸಲ ಊದಿ, ಮಗು ನಗಲಿ. ಆಮೇಲೆ ಮುಚ್ಚಳ ಹಾಕಿ, ಬಾಟಲಿಯನ್ನು ನಿಮ್ಮ ಮುಖದ ಹತ್ತಿರ ಹಿಡಿದು ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಮೊದಲು ಮಗು ಬಾಟಲಿ ನೋಡುತ್ತದೆ. ಆಮೇಲೆ ನಿಮ್ಮನ್ನು ನೋಡಬಹುದು, ಕಾಲು ಆಡಿಸಬಹುದು, "ಉ" ಅಂತ ಒಂದು ಸದ್ದು ಹೊರಡಬಹುದು. ಏನು ಬಂದರೂ ಅದನ್ನೇ ಉತ್ತರ ಅಂತ ತಗೊಳ್ಳಿ. "ಊದು! ಊದ್ತೀನಿ!" ಅಂತ ಹೇಳಿ ತಕ್ಷಣ ಊದಿ. "ಊದು ಅನ್ನು, ಅಂದರೆ ಮಾತ್ರ ಊದ್ತೀನಿ" ಅಂತ ಮಾತ್ರ ಪಟ್ಟು ಹಿಡಿಯಬೇಡಿ. ಅಲ್ಲಿಗೆ ಅದು ಆಟ ಅಲ್ಲ, ಪರೀಕ್ಷೆ.

ಈ ಹತ್ತು ಎಣಿಸುವುದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಪ್ರೀತಿ ಜಾಸ್ತಿ ಇದ್ದಷ್ಟೂ ಕಷ್ಟ. ಮಗು ತಡಮಾಡಿದ ಕೂಡಲೇ ನಾವೇ ಕೇಳಿ ನಾವೇ ಉತ್ತರ ಹೇಳಿಬಿಡುತ್ತೇವೆ. ಕೆಲವು ಮಕ್ಕಳಿಗೆ ಕೇಳಿದ್ದು ಅರ್ಥವಾಗಿ, ಉತ್ತರ ಹೊಳೆದು, ಬಾಯಿ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಮಗು ಬಾಯಿ ತೆರೆಯುವ ಹೊತ್ತಿಗೆ ನಾವು ಮುಂದಿನ ಪ್ರಶ್ನೆಗೆ ಹೋಗಿರುತ್ತೇವೆ.

ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಸ್ಥಿತಿ, ಇರುವ ಎಷ್ಟೋ ಮಕ್ಕಳು ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. "ನೀರು ಬೇಕಾ?" ಅಂದರೆ ಅವರೂ "ನೀರು ಬೇಕಾ?" ಅನ್ನುತ್ತಾರೆ. ಅದನ್ನು ಬಿಡಿಸಬೇಕು ಅಂತ ಗದರಿಸುವವರಿದ್ದಾರೆ. ದಯವಿಟ್ಟು ಗದರಬೇಡಿ. ಬಹಳ ಸಲ ಅದರ ಅರ್ಥ ನೀರು ಬೇಕು ಅಂತಲೇ. ಮಗು ಹೇಳಬೇಕಾದ ಹಾಗೆ ನೀವೇ "ನೀರು ಬೇಕು" ಅಂತ ಹೇಳಿ ಲೋಟ ಕೊಡಿ.

ಚಿತ್ರದ ಕಾರ್ಡು, ಕೈಸನ್ನೆ, ಮಾತಾಡುವ ಟ್ಯಾಬ್ಲೆಟ್ ಕೊಟ್ಟರೆ ಮಗು ಬಾಯಿ ಬಿಡುವುದನ್ನೇ ಮರೆಯುತ್ತದೆ ಅನ್ನುವ ಹೆದರಿಕೆ ತುಂಬಾ ಜನರಿಗಿದೆ. ಇದಕ್ಕೆ ಆಧಾರ ಇಲ್ಲ. ಇಂಥ ಸಾಧನ ಬಳಸಿದವರ ಬಗ್ಗೆ ಆದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವರದಿ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಟ್ಟಿ ಪುರಾವೆ ಇದ್ದ 27 ಜನರನ್ನು ನೋಡಿದಾಗ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ. 89ರಷ್ಟು ಜನರಲ್ಲಿ ಮಾತು ಹೆಚ್ಚಿತ್ತು, ಹಲವರಲ್ಲಿ ಸ್ವಲ್ಪವೇ ಆದರೂ. ಹಾಗಾಗಿ ಮಾತು ಬರಲಿ, ಆಮೇಲೆ ನೋಡೋಣ ಅಂತ ಕಾರ್ಡುಗಳನ್ನು ಮುಂದೂಡಬೇಡಿ. ಹೊಟ್ಟೆನೋವು ಅಂತ ಹೇಳಲು ಮಗುವಿಗೆ ಇವತ್ತೇ ಒಂದು ದಾರಿ ಬೇಕು, ಅಲ್ವಾ?

ಕೊನೆಯದಾಗಿ, ತೊದಲು ಮಾತು. ಮಗು ಹೇಳಿದ್ದು ಗೊತ್ತಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ. ಮಕ್ಕಳಿಗೆ ಅದು ಗೊತ್ತಾಗುತ್ತದೆ. "ನಂಗೆ ಗೊತ್ತಾಗ್ಲಿಲ್ಲ ಪುಟ್ಟಾ, ತೋರಿಸು" ಅನ್ನಿ. ಮಗು ಕೈ ಹಿಡಿದು ಎಳೆದರೆ ಜೊತೆಗೆ ಹೋಗಿ. ಅದು ತೋರಿಸಿದ ವಸ್ತುವಿನ ಹೆಸರನ್ನು ಸ್ಪಷ್ಟವಾಗಿ ಒಮ್ಮೆ ಹೇಳಿ, ಕೈಗೆ ಕೊಡಿ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.