ಲಂಗ ತೊಟ್ಟು ಜಾರಿದವರ ಮೈದಾನ

ನಮಸ್ಕಾರ. ಈ ವಿಡಿಯೊಗಾಗಿ ಮೈದಾನದಲ್ಲಿ ನಿಂತು ಆಡಿದ ಮಾತುಗಳನ್ನೆಲ್ಲ ಗಾಳಿ ತಿಂದುಹಾಕಿದೆ. ಅದಕ್ಕೇ ಮನೆಯಲ್ಲಿ ಕುಳಿತು ಮತ್ತೆ ಹೇಳುತ್ತಿದ್ದೇನೆ. ಬಲತೊಡೆಯನ್ನು ಕುರ್ಚಿಗೆ ತಾಗಿಸದಂತೆ ಒಂದು ಪಕ್ಕಕ್ಕೆ ವಾಲಿಕೊಂಡು ಕುಳಿತಿದ್ದೇನೆ. ಕಾರಣ ಏನೆಂದು ಸ್ವಲ್ಪ ಹೊತ್ತಿನಲ್ಲಿ ನೀವೇ ನೋಡುತ್ತೀರಿ.

ಇದು ಇಲಿನಾಯ್ ರಾಜ್ಯದ ರಾಕ್‌ಫರ್ಡ್. ಷಿಕಾಗೊದಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಎದುರಿಗೆ ಕಾಣುವ ಈ ಪುಟ್ಟ ಟಿಕೆಟ್ ಮನೆ ಬೇಯರ್ ಕ್ರೀಡಾಂಗಣದ್ದು. ಹಳೆಯ ಕ್ರೀಡಾಂಗಣದಲ್ಲಿ ಉಳಿದದ್ದು ಇದೊಂದೇ. ನಾನು ಬಂದದ್ದು ಈ ಕಿಟಕಿಯ ಮುಂದೆ ನಿಲ್ಲುವುದಕ್ಕೆ. ರಾಕ್‌ಫರ್ಡ್ ಪೀಚಸ್ ಎಂಬ ಹೆಂಗಸರ ಬೇಸ್‌ಬಾಲ್ ತಂಡದ ಹುಡುಗಿಯರು ಆಡುತ್ತಿದ್ದಾಗ ಜನ ಇಲ್ಲಿಯೇ ಸಾಲು ನಿಂತು ಟಿಕೆಟ್ ಕೊಂಡಿದ್ದರು.

ಪೀಚಸ್ ಎಂದೊಡನೆ ಕೆಲವರಿಗೆ ‘ಎ ಲೀಗ್ ಆಫ್ ದೇರ್ ಓನ್’ ನೆನಪಾಗಿರುತ್ತದೆ. ಇದೇ ತಂಡದ ಸುತ್ತ ಕಟ್ಟಿದ 1992ರ ಸಿನಿಮಾ, ಪೆನ್ನಿ ಮಾರ್ಷಲ್ ನಿರ್ದೇಶನ. ಜೀನಾ ಡೇವಿಸ್, ಲೋರಿ ಪೆಟ್ಟಿ, ಮಡೋನಾ, ರೋಸಿ ಓಡಾನೆಲ್, ಜೊತೆಗೆ ಕುಡುಕ ಮ್ಯಾನೇಜರನಾಗಿ ಟಾಮ್ ಹ್ಯಾಂಕ್ಸ್. ಬೇಸ್‌ಬಾಲ್‌ನಲ್ಲಿ ಅಳುವುದೆಲ್ಲ ಇಲ್ಲ ಎಂದು ಹ್ಯಾಂಕ್ಸ್ ಕಿರುಚುವ ಮಾತನ್ನು ಅಮೆರಿಕದಲ್ಲಿ ಮಕ್ಕಳೂ ಹೇಳುತ್ತಾರೆ. ಅಷ್ಟು ಹೆಂಗಸರು ಮೈಮುರಿದು ಆಡಿದ ಸಿನಿಮಾದಿಂದ ಎಲ್ಲರ ಬಾಯಲ್ಲಿ ಉಳಿದದ್ದು ಗಂಡಸೊಬ್ಬನ ಗದರಿಕೆ ಎನ್ನುವುದು ನನಗೆ ಸೇರುವುದಿಲ್ಲ. ಸೇರುವುದಿಲ್ಲ ಎಂದರೂ ಆ ದೃಶ್ಯ ಬಂದಾಗ ನಗುತ್ತೇನೆ, ಅದೂ ನಿಜ.

ಮೈದಾನ ಬಂತು. ಈಗಿರುವುದು ಹೊಸದಾಗಿ ಹದ ಮಾಡಿದ ಅಂಗಣ, ಹುಲ್ಲು ಚೆನ್ನಾಗಿದೆ. ಸಿನಿಮಾ ಚಿತ್ರೀಕರಣವಾದದ್ದು ಇಲ್ಲಲ್ಲ. ಪೀಚಸ್ ತವರು ಮೈದಾನವೆಂದು ತೋರಿಸಿರುವುದು ಇಂಡಿಯಾನಾದ ಹಂಟಿಂಗ್‌ಬರ್ಗ್‌ನಲ್ಲಿದೆ, ಎದುರಾಳಿ ರಸೀನ್ ತಂಡದ್ದೆಂದು ತೋರಿಸಿರುವುದು ಅದೇ ರಾಜ್ಯದ ಎವಾನ್ಸ್‌ವಿಲ್‌ನಲ್ಲಿದೆ. ಆದರೆ ನಿಜವಾದ ಪೀಚಸ್ ಓಡಿದ ನೆಲ ಇದು. ನನಗೆ ಬೇಕಾದದ್ದು ಇದೇ.

ಗೊತ್ತಿಲ್ಲದವರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಎರಡನೇ ಮಹಾಯುದ್ಧ. ಆಟಗಾರರೆಲ್ಲ ಸೈನ್ಯ ಸೇರುತ್ತಿದ್ದಾರೆ, ಗಂಡಸರ ಬೇಸ್‌ಬಾಲ್ ನಿಂತೇಹೋದೀತೆಂಬ ಭಯ. ಚೂಯಿಂಗ್ ಗಮ್ ಕಂಪನಿಯ ಫಿಲಿಪ್ ರಿಗ್ಲಿ ಷಿಕಾಗೊ ಕಬ್ಸ್ ತಂಡದ ಒಡೆಯರೂ ಹೌದು. 1943ರಲ್ಲಿ ಅವರು ಹೆಂಗಸರ ಲೀಗ್ ಕಟ್ಟಿದರು. ಸಿನಿಮಾದಲ್ಲಿ ಗಮ್ ಬದಲು ಮಿಠಾಯಿ ಮಾಡಿದ್ದಾರೆ, ಹೆಸರು ಬದಲಾಯಿಸಿದ್ದಾರೆ. ಮೊದಲ ವರ್ಷ ನಾಲ್ಕೇ ಊರು: ರಾಕ್‌ಫರ್ಡ್, ರಸೀನ್, ಕೆನೋಶಾ, ಸೌತ್ ಬೆಂಡ್. ವಾರಕ್ಕೆ 45ರಿಂದ 85 ಡಾಲರ್ ಸಂಬಳ. ಯುದ್ಧ ಮುಗಿದರೂ ಲೀಗ್ ಮುಗಿಯಲಿಲ್ಲ. 1954ರವರೆಗೆ ನಡೆಯಿತು, ಆರುನೂರಕ್ಕೂ ಹೆಚ್ಚು ಹೆಂಗಸರು ಆಡಿದರು.

ಇಲ್ಲಿ ನೋಡಿ, ನಾನು ತೊಟ್ಟಿರುವ ಲಂಗ. ಗೆಳತಿಯ ಹತ್ತಿರ ಸಾಲ ಪಡೆದದ್ದು. ಬೇಕೆಂದೇ ಮೊಣಕಾಲಿನ ಮೇಲೆ ನಿಲ್ಲುವಂಥದ್ದನ್ನು ಆರಿಸಿದೆ. ಲೀಗಿನ ಹುಡುಗಿಯರಿಗೆ ಕೊಟ್ಟದ್ದು ಪ್ಯಾಂಟ್ ಅಲ್ಲ, ಲಂಗದ ಅಂಗಿ. ನೋಡುವವರಿಗೆ ಅವರು ಹೆಣ್ಣಾಗಿಯೇ ಕಾಣಬೇಕಿತ್ತಂತೆ. ತುಟಿಗೆ ಬಣ್ಣ ಇರಲೇಬೇಕು, ಕೂದಲನ್ನು ಹುಡುಗರ ಹಾಗೆ ಕತ್ತರಿಸಬಾರದು, ಹೇಗೆ ನಡೆಯಬೇಕು, ಹೇಗೆ ಕೂರಬೇಕು ಎಂದು ಕಲಿಸುವುದಕ್ಕೆ ಸಂಜೆ ಪಾಠ ಬೇರೆ. ಆ ಪಾಠವನ್ನು ಸಿನಿಮಾ ತಮಾಷೆಯಾಗಿ ತೋರಿಸುತ್ತದೆ. ಲಂಗ ತಮಾಷೆಯಲ್ಲ. ಬೇಸ್‌ಬಾಲ್‌ನಲ್ಲಿ ಬೇಸ್ ಎಂಬ ನಾಲ್ಕು ತಾಣಗಳನ್ನು ಮುಟ್ಟುತ್ತ ಸುತ್ತಿ ಬಂದರೆ ಒಂದು ರನ್. ಬೇಸ್ ಮುಟ್ಟುವುದಕ್ಕೆ ಎಷ್ಟೋ ಸಲ ಓಡಿಬಂದು ನೆಲದ ಮೇಲೆ ಜಾರಬೇಕು. ಜಾರುವಾಗ ಮಣ್ಣಿಗೆ ತಗಲುವುದು ತೊಡೆ. ಪ್ಯಾಂಟ್ ಇದ್ದರೆ ಹರಿಯುವುದು ಬಟ್ಟೆ, ಲಂಗವಾದರೆ ಹರಿಯುವುದು ಚರ್ಮ.

ಈಗ ಬರುವುದು ಆ ದೃಶ್ಯ. ಗೆಳತಿ ದೂರದಿಂದ ಮೊಬೈಲ್‌ನಲ್ಲಿ ತೆಗೆದಿದ್ದಾಳೆ, ನನ್ನ ಕೈಯಲ್ಲಿ ಚಿಕ್ಕ ಕ್ಯಾಮೆರಾ. ಮೊದಲ ಬೇಸ್‌ನಿಂದ ಓಡುತ್ತೇನೆ. ಓಟ ಚೆನ್ನಾಗಿಯೇ ಇದೆ. ಇಲ್ಲಿ ಬಲಗಾಲು ಮಡಚಿದೆ, ಇಲ್ಲಿ ಬಿದ್ದೆ. ನಿಮಗೆ ಕೇಳಿಸಿದ್ದು ನನ್ನ ಕೂಗು.

ನೆಲಕ್ಕೆ ತೊಡೆ ತಾಗಿದ ಕೂಡಲೇ ನೋವಾಗಲಿಲ್ಲ. ಬಿಸಿಯಾಯಿತು, ಕಾದ ಹೆಂಚಿಗೆ ಅಂಗೈ ಒತ್ತಿದ ಹಾಗೆ. ಎದ್ದು ಲಂಗ ಸರಿಸಿ ನೋಡಿದರೆ ಅಂಗೈಯಗಲ ಚರ್ಮ ಬಿಳಿಚಿಕೊಂಡಿತ್ತು. ರಕ್ತವೇ ಇರಲಿಲ್ಲ. ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಒಂದೊಂದೇ ಚುಕ್ಕೆ ಮೂಡಿತು, ಆಮೇಲೆ ಚುಕ್ಕೆಗಳೆಲ್ಲ ಕೂಡಿಕೊಂಡವು. ಈ ಗಾಯಕ್ಕೆ ಆಟಗಾರರು ಇಟ್ಟ ಹೆಸರು ಸ್ಟ್ರಾಬೆರಿ. ಯಾಕೆಂದು ಹತ್ತಿರದಿಂದ ನೋಡಿದ ಮೇಲೆ ಗೊತ್ತಾಯಿತು: ಕೆಂಪು, ಒದ್ದೆ, ನಡುವೆ ಬೀಜದ ಹಾಗೆ ಮರಳಿನ ಕಾಳು. ಆ ಕಾಳುಗಳನ್ನು ತೆಗೆಯುವುದೇ ದೊಡ್ಡ ಕೆಲಸ. ಕಾರಿನಲ್ಲಿದ್ದ ಬಾಟಲಿಯ ನೀರು ಹೊಯ್ದೆ, ಅರ್ಧ ಹೋಯಿತು. ಉಳಿದದ್ದನ್ನು ಗೆಳತಿ ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆದಳು. ಅವಳಿಗೆ ನನಗಿಂತ ಹೆಚ್ಚು ಸಂಕಟ.

ಆಮೇಲೆ ಔಷಧದ ಅಂಗಡಿ. ಗಾಯಕ್ಕೆ ಅಂಟದಂಥ ಹತ್ತಿ ಪಟ್ಟಿ ಬೇಕಿತ್ತು. ಹತ್ತು ಪಟ್ಟಿಯ ಒಂದು ಡಬ್ಬಿ, ಅಂಟಿಸುವ ಟೇಪು, ಮುಲಾಮು, ಮೂರೂ ಸೇರಿ 31 ಡಾಲರ್. ಮೂವತ್ತೊಂದು! ಊರಿನಲ್ಲಾದರೆ ಆ ದುಡ್ಡಿಗೆ ಡಾಕ್ಟರ ಶುಲ್ಕ, ಚುಚ್ಚುಮದ್ದು, ಆಟೋ ಬಾಡಿಗೆ ಎಲ್ಲ ಮುಗಿದು ಮೇಲೆ ಮಸಾಲೆ ದೋಸೆಗೂ ಉಳಿಯುತ್ತಿತ್ತು. ಡಬ್ಬಿ ಕೈಯಲ್ಲಿ ಹಿಡಿದು ವಾಪಸ್ ಇಡಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ಲಂಗ ಗಾಯಕ್ಕೆ ಅಂಟಿಕೊಂಡಿತು. ಕೊಂಡೆ. ರಾತ್ರಿ ಹಾಸಿಗೆಯ ಬಟ್ಟೆಯೂ ಅಂಟಿತು. ಬೆಳಗ್ಗೆ ಅದನ್ನು ಬಿಡಿಸಿಕೊಂಡಾಗ ಕಣ್ಣಲ್ಲಿ ನೀರು ಬಂತು.

ಇಷ್ಟನ್ನೂ ಹೇಳುತ್ತಿರುವುದು ಸೋಫಿ ಕುರಿಸ್ ಎಂಬ ಒಬ್ಬಳಿಗಾಗಿ. ರಸೀನ್ ಬೆಲ್ಸ್ ತಂಡದವಳು, ಮಿಷಿಗನ್‌ನ ಫ್ಲಿಂಟ್ ಊರಿನವಳು. ಎಸೆತಗಾರ್ತಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. 1946ರ ಒಂದೇ ಋತುವಿನಲ್ಲಿ ಸೋಫಿ ಕದ್ದ ಬೇಸ್‌ಗಳು 201. ಪ್ರಯತ್ನಿಸಿದ್ದು 203 ಸಲ, ಸಿಕ್ಕಿಬಿದ್ದದ್ದು ಎರಡೇ ಸಲ. ನಾನು ಒಂದೇ ಸಲ ಜಾರಿ ಎರಡು ದಿನ ಸರಿಯಾಗಿ ಕೂರಲಾಗಲಿಲ್ಲ. ಆಕೆ ಹಳೆಯ ಗಾಯದ ಮೇಲೆಯೇ ಮರುದಿನ ಮತ್ತೆ ಜಾರಬೇಕಿತ್ತು. ಆ ವರ್ಷದ ಅಂತಿಮ ಸರಣಿಯಲ್ಲಿ ರಸೀನ್ ಎದುರಾಳಿ ಇದೇ ರಾಕ್‌ಫರ್ಡ್. ಕೊನೆಯ ಪಂದ್ಯ ಹದಿನಾಲ್ಕು ಇನ್ನಿಂಗ್ಸ್ ನಡೆಯಿತು, ಅಲ್ಲಿಯವರೆಗೂ ಒಂದೇ ಒಂದು ರನ್ ಇಲ್ಲ. ಸೋಫಿ ಎರಡನೇ ಬೇಸ್ ಕದ್ದಳು, ಮೂರನೆಯದಕ್ಕೆ ಹೊರಟಿದ್ದಾಗಲೇ ಬೆಟ್ಟಿ ಟ್ರೆಜ್ಜಾ ಚೆಂಡನ್ನು ಹೊಡೆದಳು, ಸೋಫಿ ನಿಲ್ಲದೆ ಓಡಿಬಂದು ಜಾರಿ ಕೊನೆಯ ಬೇಸ್ ಆದ ಹೋಮ್ ಮುಟ್ಟಿದಳು. 1-0. ಸಿನಿಮಾದ ಕೊನೆಯ ಪಂದ್ಯಕ್ಕಿಂತ ಇದೇ ಚೆನ್ನಾಗಿದೆ ಎಂದು ನಾನು ಹೇಳುತ್ತೇನೆ.

ಸಿನಿಮಾದಲ್ಲಿಯೂ ಒಂದು ಸ್ಟ್ರಾಬೆರಿ ಇದೆ, ತೊಡೆಯ ತುಂಬ. ಅದು ಬಣ್ಣ ಬಳಿದದ್ದಲ್ಲ. ನಟಿ ರೆನೆ ಕೋಲ್ಮನ್‌ಗೆ ಜಾರುವಾಗ ನಿಜವಾಗಿಯೇ ಆದದ್ದು.

ಈ ದೃಶ್ಯದಲ್ಲಿ ಹುಲ್ಲು ಬಿಟ್ಟರೆ ಏನಿಲ್ಲ, ಹಾಗಾಗಿ ಬೇರೊಂದು ಮಾತು. ಸಿನಿಮಾದಲ್ಲಿ ಕೆಲವೇ ಕ್ಷಣಗಳ ಒಂದು ತುಣುಕಿದೆ. ಚೆಂಡು ಆಚೆ ಉರುಳುತ್ತದೆ. ಗೆರೆಯಾಚೆ ನಿಂತ ಕಪ್ಪು ಹೆಂಗಸೊಬ್ಬಳು ಅದನ್ನೆತ್ತಿ ಎಸೆಯುತ್ತಾಳೆ. ಎಸೆತದ ರಭಸಕ್ಕೆ ಹಿಡಿದವಳ ಕೈ ಚುರುಗುಟ್ಟುತ್ತದೆ. ಮಾತಿಲ್ಲ, ತಲೆಯಾಡಿಸಿ ಹೊರಟುಹೋಗುತ್ತಾಳೆ. ಈ ಲೀಗ್ ಕಪ್ಪು ಹೆಂಗಸರನ್ನು ಸೇರಿಸಿಕೊಳ್ಳಲೇ ಇಲ್ಲ. ಮೇಮಿ ಜಾನ್ಸನ್ ಆಯ್ಕೆಗೆಂದು ಹೋದಾಗ ಬಾಗಿಲಿನಿಂದಲೇ ಕಳಿಸಿದರು. ಆಮೇಲೆ ಆಕೆ, ಟೋನಿ ಸ್ಟೋನ್, ಕೋನಿ ಮಾರ್ಗನ್ ಮೂವರೂ ಕಪ್ಪು ಗಂಡಸರ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರ ಜೊತೆ ಆಡಿದರು. ಆ ಒಂದು ಎಸೆತ ಸಾಕಾಗುತ್ತದೆಂದು ಮೊದಲು ಅನ್ನಿಸಿತ್ತು. ಈಗ ಸಾಲದು ಅನ್ನಿಸುತ್ತದೆ. ಅವಳಿಗೊಂದು ಹೆಸರನ್ನಾದರೂ ಇಡಬೇಕಿತ್ತು.

ಸರಿ, ಕೊನೆಯ ಜಗಳಕ್ಕೆ ಬರೋಣ. ಈ ಸಿನಿಮಾ ನೋಡಿದವರಲ್ಲಿ ಎರಡು ಪಂಗಡ. ಅಕ್ಕ ಡಾಟಿ ಪೀಚಸ್ ತಂಡದ ಕ್ಯಾಚರ್, ಅಂದರೆ ಹೋಮ್ ಬೇಸ್ ಕಾಯುತ್ತ ಚೆಂಡು ಹಿಡಿಯುವವಳು; ತಂಗಿ ಕಿಟ್ ಎದುರಾಳಿ ತಂಡಕ್ಕೆ ಹೋಗಿರುತ್ತಾಳೆ. ಕೊನೆಯ ಪಂದ್ಯದ ಕೊನೆಯ ಗಳಿಗೆ. ನಿಲ್ಲು ಎಂದು ಸನ್ನೆ ಮಾಡಿದರೂ ನಿಲ್ಲದೆ ಓಡಿಬಂದ ಕಿಟ್ ಅಕ್ಕನಿಗೆ ಗುದ್ದುತ್ತಾಳೆ, ಡಾಟಿಯ ಕೈಯಿಂದ ಚೆಂಡು ಉರುಳುತ್ತದೆ, ಕಿಟ್ ಔಟಾಗದೆ ಅವಳ ತಂಡ ಗೆಲ್ಲುತ್ತದೆ. ತಂಗಿ ಗೆಲ್ಲಲಿ ಎಂದು ಬೇಕೆಂದೇ ಬಿಟ್ಟಳೇ, ಬಿದ್ದುಹೋಯಿತೇ?

ಬೆಳಗ್ಗೆ ಕಾರಿನಲ್ಲಿ ನಾನು ಆಡಿದ ಮಾತನ್ನು ಹಾಗೆಯೇ ಇಟ್ಟಿದ್ದೇನೆ: ಬೇಕೆಂದೇ ಬಿಟ್ಟಳು, ಸಂಶಯವೇ ಇಲ್ಲ. ಅದಕ್ಕೆ ಮೊದಲು ಅಂಥದೇ ಒಂದು ಗುದ್ದು ತಿಂದರೂ ಚೆಂಡು ಬಿಡದವಳು ಅವಳು. ವರ್ಷಗಳಿಂದ ಇದನ್ನೇ ವಾದಿಸಿದ್ದೇನೆ, ಮನೆಯಲ್ಲಿ ನನ್ನ ತಂಗಿಯ ಜೊತೆಗೂ.

ಈಗ ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಜಾರಿದ ದೃಶ್ಯವನ್ನು ನಿಧಾನಗತಿಯಲ್ಲಿ ಮತ್ತೊಮ್ಮೆ ಹಾಕಿದ್ದೇನೆ, ಬಲಗೈ ನೋಡಿ. ಕ್ಯಾಮೆರಾವನ್ನು ಬಿಗಿಯಾಗಿ ಹಿಡಿದಿದ್ದೇನೆ, ಬೆರಳ ಗೆಣ್ಣು ಬೆಳ್ಳಗಾಗಿವೆ. ಅದನ್ನು ಕೊಂಡ ಸಾಲವೇ ಇನ್ನೂ ತೀರಿಲ್ಲ, ಬಿಡುವ ಮಾತೇ ಇಲ್ಲ. ಮೊಣಕೈ ನೆಲಕ್ಕೆ ಬಡಿದ ಕೂಡಲೇ ಐದೂ ಬೆರಳು ತಾವಾಗಿ ಬಿಚ್ಚಿಕೊಂಡವು. ಇಲ್ಲಿ ಹಾರಿತು ನೋಡಿ. ನನ್ನನ್ನು ಯಾರೂ ಕೇಳಲಿಲ್ಲ. ಡಾಟಿಯ ಕೈಯೂ ಹೀಗೆಯೇ ಬಿಚ್ಚಿರಬೇಕು. ಅದೂ ಅಲ್ಲದೆ, ತಂಗಿ ಬ್ಯಾಟು ಹಿಡಿದು ನಿಂತಾಗ ಅವಳಿಗೆ ಹೊಡೆಯಲಾಗದ ಎತ್ತರದ ವೇಗದ ಎಸೆತ ಹಾಕು ಎಂದು ತನ್ನ ತಂಡದ ಎಸೆತಗಾರ್ತಿಗೆ ಹೇಳಿಕೊಟ್ಟವಳೇ ಡಾಟಿ. ಸೋಲಬೇಕೆಂದುಕೊಂಡವಳು ಆ ಗುಟ್ಟನ್ನು ಯಾಕೆ ಬಿಟ್ಟುಕೊಡುತ್ತಾಳೆ? ಕಿಟ್ ಗೆದ್ದದ್ದು ತನ್ನ ಕಾಲಿನಿಂದ, ತನ್ನ ಹೆಗಲಿನಿಂದ. ಅಕ್ಕ ಬಿಟ್ಟುಕೊಟ್ಟಳು ಎಂದು ಇಷ್ಟು ವರ್ಷ ಹೇಳಿ ನಾನು ಆ ಹುಡುಗಿಯ ಗೆಲುವನ್ನು ಕಿತ್ತುಕೊಂಡಿದ್ದೆ.

ತಂಗಿಗೆ ಫೋನ್ ಮಾಡಿ ಹೇಳಿದೆ. ನಾನು ಮೊದಲೇ ಹೇಳಿರಲಿಲ್ಲವೇ ಎಂದಳು. ಮೂರು ಸಲ ಹೇಳಿದಳು.

ಈಗ ಕಾಣುತ್ತಿರುವುದು ಕೈಯಿಂದ ಹಾರಿದ ಕ್ಯಾಮೆರಾ ಮಣ್ಣಿನ ಮೇಲೆ ಬಿದ್ದುಕೊಂಡೇ ತೆಗೆದದ್ದು. ಅರ್ಧ ಆಕಾಶ, ಅರ್ಧ ಹುಲ್ಲು, ಮೂಲೆಯಲ್ಲಿ ನನ್ನ ಷೂ. ಮಾತು ಯಾವುದನ್ನೂ ಹಾಕಿಲ್ಲ, ಗಾಳಿಯ ಸದ್ದನ್ನೂ ತೆಗೆದಿಲ್ಲ. ಗೆಳತಿ ಓಡಿಬರುವವರೆಗೆ ಹನ್ನೊಂದು ಸೆಕೆಂಡ್ ಇದೆ, ಪೂರ್ತಿ ನೋಡಿ.