ಫುಲ್‌ಸ್ಕ್ರೀನೋ, ಬಾರ್ಡರ್‌ಲೆಸ್ಸೋ: ನಡುವ ನಿಂತಾವ ಯಾರು?

ನಮಸ್ಕಾರ್ರಿ ಎಲ್ಲಾರಿಗೂ. "ಫುಲ್‌ಸ್ಕ್ರೀನ್ ಇಟ್ರ ಆಲ್ಟ್-ಟ್ಯಾಬ್ ಒತ್ತಿದಾಗೊಮ್ಮೆ ಸ್ಕ್ರೀನ್ ಕಪ್ಪಾಗ್ತದ, ಬಾರ್ಡರ್‌ಲೆಸ್ ಇಟ್ರ ಮೌಸ್ ಭಾರ ಅನಸ್ತದ. ಯಾವುದು ಇಡಬೇಕು?" ಅಂತ ಭಾಳ ಮಂದಿ ಕೇಳೀರಿ.

ಫುಲ್‌ಸ್ಕ್ರೀನ್ ಅಂದ್ರ ಇಡೀ ಸ್ಕ್ರೀನ್ ಗೇಮಿನ ಕೈಯಾಗ. ಬಾರ್ಡರ್‌ಲೆಸ್ ಅಂದ್ರ ಅಂಚಿಲ್ಲದ, ಡೆಸ್ಕ್‌ಟಾಪಿನಷ್ಟೇ ದೊಡ್ಡ ವಿಂಡೋ. ಇಷ್ಟು ಸಾಕು. ಮೌಸ್ ಯಾಕ ಭಾರ ಆಗ್ತದ, ಅದನ್ನ ನೋಡೂಣು.

ನಮ್ಮ ಕಲಬುರಗಿ ಖಾನಾವಳಿ ನೆನಸ್ರಿ. ಒಳಗ ಅಕ್ಕ ಜೋಳದ ರೊಟ್ಟಿ ಬಡೀತಾಳ. ಬಡಿಸೋ ತಮ್ಮ ಅದನ್ನ ಇಸ್ಕೊಂಡು, ಪುಂಡಿಪಲ್ಯ, ಶೇಂಗಾಹಿಂಡಿ, ಉಳ್ಳಾಗಡ್ಡಿ ಜೋಡಿಸಿ ತಾಟು ನಿಮ್ಮ ಮುಂದ ಇಡ್ತಾನ. ಅಕ್ಕ ಅಂದ್ರ ಗ್ರಾಫಿಕ್ಸ್ ಕಾರ್ಡ್, ಒಂದು ರೊಟ್ಟಿ ಒಂದು ಫ್ರೇಮ್, ಅಂದ್ರ ಗೇಮಿನ ಒಂದು ಚಿತ್ರ. ತಮ್ಮ ಅಂದ್ರ ವಿಂಡೋಸಿನ ಡಿಡಬ್ಲ್ಯುಎಂ, ಎಲ್ಲಾ ವಿಂಡೋ ಕೂಡಿಸಿ ಒಂದು ಚಿತ್ರ ಮಾಡಾವ. ಹಳೇ ನಮೂನಿ ಬಾರ್ಡರ್‌ಲೆಸ್ಸಿನಾಗ ಪ್ರತಿ ಫ್ರೇಮೂ ಅವನ ಕೈ ದಾಟೇ ಬರಬೇಕು. ಮೌಸ್ ಅಲುಗಿಸಿದ್ದು ಸ್ಕ್ರೀನ್ ಮ್ಯಾಲೆ ಕಾಣ್ಲಿಕ್ಕ ಸುಮಾರು ಒಂದು ಫ್ರೇಮಿನಷ್ಟು ತಡ: 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋ) ಮಾನಿಟರಿನಾಗ 16.7 ಮಿಲಿಸೆಕೆಂಡ್, 144ರಾಗ 6.9. ಅದಕ್ಕೇ 60ರ ಮಾನಿಟರಿನವರಿಗೆ ಜಾಸ್ತಿ ತಿಳೀತದ.

ಈಗ ಮಜಾ ನೋಡ್ರಿ. ತಾಟಿನ ತುಂಬ ಬರೇ ರೊಟ್ಟಿನೇ, ಅಂದ್ರ ಸ್ಕ್ರೀನ್ ತುಂಬ ಬರೇ ಗೇಮೇ ಇದ್ರ ಜೋಡಸೂದೇನದ? ಅಕ್ಕ ಹಂಚಿನಿಂದ ಸೀದಾ ತಾಟಿಗೇ ಹಾಕ್ತಾಳ, ಬಿಸಿಬಿಸಿ. ಈ ಹೊಸ ನಮೂನಿಗೆ ಇಂಡಿಪೆಂಡೆಂಟ್ ಫ್ಲಿಪ್ ಅಂತಾರ. ಗೇಮಿನ ಮ್ಯಾಲೆ ನೋಟಿಫಿಕೇಶನ್ ಬಂತೋ, ತಾಟಿಗೆ ಪಲ್ಯ ಬಿದ್ದಂಗ. ಎಷ್ಟೋ ಕಂಪ್ಯೂಟರಿನಾಗ ತಮ್ಮ ಮತ್ತ ನಡುವ ಬರ್ತಾನ. ಆಡೂಮುಂದ ನೋಟಿಫಿಕೇಶನ್ ಬಂದ್ ಇಡ್ರಿ.

(ಸ್ಕ್ರೀನ್ ಮ್ಯಾಲೆ: ಸೆಟ್ಟಿಂಗ್ಸ್ ತೋರಿಸೂದು)

ವಿಂಡೋಸ್ 11ರಾಗ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್. ಅಲ್ಲಿ "ಆಪ್ಟಿಮೈಸೇಶನ್ಸ್ ಫಾರ್ ವಿಂಡೋಡ್ ಗೇಮ್ಸ್" ಆನ್ ಮಾಡಿ, ಗೇಮ್ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಇದು ಹಳೇ ನಮೂನಿ ಗೇಮನ್ನ ಈ ಹೊಸ ದಾರಿಗೆ ತರ್ತದ, ಡೈರೆಕ್ಟ್‌ಎಕ್ಸ್ (ಗೇಮ್ ಚಿತ್ರ ಬಿಡಸ್ಲಿಕ್ಕ ಬಳಸೋ ವಿಂಡೋಸಿನ ವ್ಯವಸ್ಥಾ) 10, 11ರ ಗೇಮಿಗೆ. 12ರ ಗೇಮಿನಾಗ ಇಡೀ ಸ್ಕ್ರೀನ್ ಕೈಗೆ ತಗೊಳ್ಳೋ ಹಳೇ ನಮೂನಿ ಫುಲ್‌ಸ್ಕ್ರೀನೇ ಇಲ್ಲ. ಖಾತ್ರಿ ಬೇಕಂದ್ರ ಫ್ರೇಮ್ ಯಾವ ದಾರಿಲೆ ಬರ್ತಾವ ಅಂತ ತೋರಸೋ ಇಂಟೆಲ್‌ನ ಪ್ರೆಸೆಂಟ್‌ಮಾನ್ ಸಾಫ್ಟ್‌ವೇರ್ ಹಚ್ಚಿ "ಪ್ರೆಸೆಂಟ್ ಮೋಡ್" ನೋಡ್ರಿ. "ಹಾರ್ಡ್‌ವೇರ್: ಇಂಡಿಪೆಂಡೆಂಟ್ ಫ್ಲಿಪ್" ಅಂದ್ರ ಛೊಲೋ, "ಕಂಪೋಸ್ಡ್" ಅಂತ ಶುರು ಆದ್ರ ತಮ್ಮ ಇನ್ನೂ ನಡುವೇ ನಿಂತಾನ. ಇದು ಸರಿ ಇದ್ರ ಬಾರ್ಡರ್‌ಲೆಸ್ಸೇ ಇಡ್ರಿ, ಅಂಜಬ್ಯಾಡ್ರಿ.

ಟೈಮ್ ಆಗ್ಲಿಕತ್ತದ, ಉಳಿದಿದ್ದು ಜಲ್ದಿ. ಲ್ಯಾಪ್‌ಟಾಪ್ ಹಳೇದಿದ್ರ ಫುಲ್‌ಸ್ಕ್ರೀನ್ ಇಟ್ಟು ರೆಸಲ್ಯೂಶನ್ (ಚಿತ್ರದ ಅಳತಿ) 1280×720ಕ್ಕ ಇಳಸ್ರಿ, 1920×1080ರ 20.7 ಲಕ್ಷ ಪಿಕ್ಸೆಲ್ ಇದ್ದಿದ್ದು 9.2 ಲಕ್ಷ ಆಗ್ತದ, ಕಾರ್ಡಿಗೆ ಕೆಲಸ ಕಡಿಮಿ. ಬಾರ್ಡರ್‌ಲೆಸ್ಸಿನಾಗ ಸಾಮಾನ್ಯವಾಗಿ ಡೆಸ್ಕ್‌ಟಾಪಿನ ಅಳತಿಗೇ ಕಟ್ಟುಬೀಳ್ತೀರಿ, ಗೇಮಿನಾಗ ರೆಂಡರ್ ಸ್ಕೇಲ್ (ಒಳಗ ಸಣ್ಣ ಚಿತ್ರ ಬಿಡಿಸಿ ದೊಡ್ಡದ ಮಾಡೋ ಸೆಟ್ಟಿಂಗ್) ಇದ್ರ ಅದನ್ನ ಇಳಸ್ರಿ. ಇನ್ನ ನಮ್ಮ ಮೇ ತಿಂಗಳ ಬಿಸಲು, 40 ಡಿಗ್ರಿ ದಾಟಿರ್ತದ. ಬಾರ್ಡರ್‌ಲೆಸ್ ಗೇಮ್ ಬಿಟ್ಟು ಬ್ರೌಸರ್ ನೋಡ್ಕೋತ ಕುಂತ್ರ, ಹಿಂದ ಗೇಮ್ ಪೂರಾ ಜೋರಿನಾಗ ಫ್ರೇಮ್ ಬಡೀತನೇ ಇರ್ತದ, ಕಾರ್ಡ್ ಕಾಯ್ತದ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಾಗ "ಬ್ಯಾಕ್‌ಗ್ರೌಂಡ್ ಅಪ್ಲಿಕೇಶನ್ ಮ್ಯಾಕ್ಸ್ ಫ್ರೇಮ್ ರೇಟ್" ಆನ್ ಮಾಡಿ 20ಕ್ಕ ಇಡ್ರಿ.